ಚಿಲಿಯ ವೋಚರ್ ಶಾಲೆಗಳು: ಆಯ್ಕೆ ಯಾರ ಕೈಗೆ ಹೋಯಿತು?

ಶಾಲೆಯನ್ನು ಯಾರೇ ನಡೆಸಲಿ, ಸರ್ಕಾರ ಮಕ್ಕಳ ತಲೆ ಎಣಿಸಿ ಹಣ ಕೊಡಲಿ. ಒಳ್ಳೆಯ ಶಾಲೆಯನ್ನು ಪೋಷಕರೇ ಹುಡುಕಿಕೊಳ್ಳುತ್ತಾರೆ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಮಂಡಿಸಿದ ವೋಚರ್ ವಾದದ ತಿರುಳು ಇದು. ಅದನ್ನು ದೇಶದುದ್ದಕ್ಕೂ ಜಾರಿಗೆ ತಂದದ್ದು ಚಿಲಿ. ವರ್ಷ 1981, ಪಿನೊಚೆಟ್‌ನ ಸೇನಾಡಳಿತ. ಪ್ರಶ್ನೆ ಕೇಳಲು ಸಂಸತ್ತೇ ಇರಲಿಲ್ಲ.

ಸರ್ಕಾರಿ ಶಾಲೆಗಳು ಸಚಿವಾಲಯದಿಂದ ಪುರಸಭೆಗಳ ಕೈಗೆ ಹೋದವು. ತಿಂಗಳ ಸರಾಸರಿ ಹಾಜರಿಯ ಲೆಕ್ಕದಲ್ಲಿ ಪುರಸಭೆ ಶಾಲೆಗೂ ಖಾಸಗಿ ಶಾಲೆಗೂ ಒಂದೇ ದರದ ಅನುದಾನ. ಕಾಗದದ ಮೇಲೆ ಇದು ಸಮಾನತೆ. ಆದರೆ ನಲವತ್ತು ಮಕ್ಕಳ ತರಗತಿಯಿಂದ ಐದು ಮಕ್ಕಳು ಬಿಟ್ಟುಹೋದರೆ ಎಂಟರಲ್ಲಿ ಒಂದು ಪಾಲು ಅನುದಾನ ಖೋತಾ ಆಗುತ್ತದೆ. ಶಿಕ್ಷಕರ ಸಂಬಳ, ಕಟ್ಟಡದ ಖರ್ಚು ಮಾತ್ರ ಹಾಗೆಯೇ ಇರುತ್ತವೆ. ಪುರಸಭೆ ಶಾಲೆಗಳು ಸೊರಗಿದ್ದು ಹೀಗೆ.

1993ರ ಕಾನೂನು ಬದಲಾವಣೆ ಇನ್ನೂ ದೊಡ್ಡ ಪೆಟ್ಟು ಕೊಟ್ಟಿತು. ಅನುದಾನ ಪಡೆಯುತ್ತಲೇ ಪೋಷಕರಿಂದ ಶುಲ್ಕ ವಸೂಲಿ ಮಾಡಲು ಖಾಸಗಿ ಶಾಲೆಗಳಿಗೆ ದಾರಿ ಸುಗಮವಾಯಿತು. 1995ರಿಂದ ‘ಸಿಮ್ಸೆ’ ಎಂಬ ರಾಷ್ಟ್ರೀಯ ಪರೀಕ್ಷೆಯ ಫಲಿತಾಂಶ ಶಾಲಾವಾರು ಪ್ರಕಟವಾಗತೊಡಗಿತು. ಸರಾಸರಿ ಅಂಕ ಏರಿಸಲು ಎರಡು ದಾರಿಗಳಿವೆ: ಚೆನ್ನಾಗಿ ಕಲಿಸುವುದು, ಇಲ್ಲವೇ ಚೆನ್ನಾಗಿ ಕಲಿಯುವ ಮಕ್ಕಳನ್ನೇ ಆರಿಸಿಕೊಳ್ಳುವುದು. ಎರಡನೆಯದು ಅಗ್ಗ, ಫಲವೂ ಬೇಗ. ಪ್ರವೇಶ ಪರೀಕ್ಷೆ, ಪೋಷಕರ ಸಂದರ್ಶನ ಮಾಮೂಲಾದವು. ಆಯ್ಕೆ ಪೋಷಕರ ಕೈತಪ್ಪಿ ಶಾಲೆಗಳ ಪಾಲಾಯಿತು. ಈ ಇಡೀ ಚರಿತ್ರೆಯಲ್ಲಿ ಗಮನಿಸಲೇಬೇಕಾದ ಸಂಗತಿ ಇದೇ. 1981ರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಕ್ಕಳು ಸರ್ಕಾರಿ ಶಾಲೆಗಳಲ್ಲಿದ್ದರು. ಮೂರು ದಶಕಗಳಲ್ಲಿ ಆ ಪ್ರಮಾಣ ಶೇ 40ಕ್ಕಿಂತ ಕೆಳಗಿಳಿಯಿತು.

2006ರಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳು ಬೀದಿಗಿಳಿದರು. ಕಪ್ಪುಬಿಳುಪು ಸಮವಸ್ತ್ರದಿಂದಾಗಿ ಅದು ‘ಪೆಂಗ್ವಿನ್ ಚಳವಳಿ’ ಎನಿಸಿಕೊಂಡಿತು. 2008ರಲ್ಲಿ ಬಡ ಮಕ್ಕಳಿಗೆ ಹೆಚ್ಚುವರಿ ಅನುದಾನ ಬಂತು. 2011ರ ಹೋರಾಟ ಮತ್ತೂ ದೊಡ್ಡದು. ಕೊನೆಗೆ 2015ರಲ್ಲಿ ಅಧ್ಯಕ್ಷೆ ಬಾಚೆಲೆಟ್ ಅವರ ಸರ್ಕಾರ ತಂದ ಕಾನೂನು ಅನುದಾನಿತ ಶಾಲೆಗಳಲ್ಲಿ ಲಾಭ ಗಳಿಕೆ, ಪೋಷಕರ ಶುಲ್ಕ, ಮಕ್ಕಳನ್ನು ಸೋಸುವ ಪದ್ಧತಿ ಮೂರನ್ನೂ ಹಂತಹಂತವಾಗಿ ಕೊನೆಗಾಣಿಸಲು ಹೊರಟಿತು.

ಈಗ ಪೋಷಕರು ಶಾಲೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದು ಆನ್‌ಲೈನ್ ಅರ್ಜಿ ಹಾಕುತ್ತಾರೆ. ಸೀಟು ಸಾಕಷ್ಟಿದ್ದರೆ ಎಲ್ಲರಿಗೂ ಪ್ರವೇಶ. ಸಾಲದಿದ್ದರೆ ಅಲ್ಲೇ ಓದುತ್ತಿರುವವರ ಒಡಹುಟ್ಟಿದವರಿಗೆ ಮೊದಲ ಅವಕಾಶ. ನಂತರ ಶೇ 15ರ ಮಿತಿಯೊಳಗೆ ಬಡ ಮಕ್ಕಳಿಗೆ, ಆಮೇಲೆ ಸಿಬ್ಬಂದಿಯ ಮಕ್ಕಳಿಗೆ, ಬಳಿಕ ಹಿಂದೆ ಅಲ್ಲೇ ಓದಿದ್ದ ಮಕ್ಕಳಿಗೆ. ಉಳಿದದ್ದು ಲಾಟರಿ. ಇದು ನ್ಯಾಯವಾದ ಕ್ರಮ ನಿಜ, ಆದರೆ ಲಾಟರಿಯಿಂದ ಒಳ್ಳೆಯ ಶಾಲೆಗಳ ಸಂಖ್ಯೆ ಹೆಚ್ಚುವುದಿಲ್ಲ. ಪೂರ್ತಿ ಶುಲ್ಕದ ಮೇಲೆ ನಡೆಯುವ ಶ್ರೀಮಂತರ ಶಾಲೆಗಳಂತೂ ಈ ವ್ಯವಸ್ಥೆಯ ಹೊರಗೇ ಇವೆ.