ಹಚ್ಚೆಯ ಗಾಯ ಒಣಗಬಾರದು

ಗಾಯ ಒಣಗಿತೆಂದರೆ ವಾಸಿಯಾಯಿತು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ವಿಜ್ಞಾನ ಓದಿದವರೂ ಅದನ್ನು ಪ್ರಶ್ನಿಸಲು ಹೋಗುವುದಿಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲೋ ಇಂದಿರಾನಗರದಲ್ಲೋ ಟ್ಯಾಟೂ ಹಾಕಿಸಿಕೊಂಡು ಮನೆಗೆ ಬಂದ ಮಕ್ಕಳಿಗೆ ಸಿಗುವ ಮೊದಲ ಉಪದೇಶವೂ ಅದೇ: ಗಾಳಿಯಾಡಲು ಬಿಡು, ನೀರು ಸೋಕಿಸಬೇಡ, ಬೇಗ ಒಣಗಲಿ. ಈ ಉಪದೇಶ ಪೂರ್ತಿ ತಲೆಕೆಳಗಾದದ್ದು. ಹಚ್ಚೆ ಚೆನ್ನಾಗಿ ಮಾಯಬೇಕಾದರೆ ಮೊದಲ ಕೆಲವು ದಿನ ಅದು ಒಣಗಲೇಬಾರದು.

ನಮ್ಮ ಅಕ್ಕನ ಮಗಳು ಮುಂಗೈ ಮೇಲೆ ಮಲ್ಲಿಗೆ ಬಳ್ಳಿ ಹಾಕಿಸಿಕೊಂಡಿದ್ದಳು. ಮನೆಯಲ್ಲಿ ದೊಡ್ಡಮ್ಮ "ಹಸಿ ಗಾಯ ಕಣೇ, ನಂಜಾಗತ್ತೆ" ಎಂದು ಅಡುಗೆಮನೆಯ ಅರಿಸಿನದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಮೆತ್ತಿದ್ದರು. ನಾನು ನೋಡುವ ಹೊತ್ತಿಗೆ ಬಳ್ಳಿ ಕಾಣುತ್ತಲೇ ಇರಲಿಲ್ಲ. ಹಳದಿ, ಕಪ್ಪು ಬೆರೆತ ದಪ್ಪ ಹಕ್ಕಳೆ ಕಟ್ಟಿತ್ತು. ಮಣಿಕಟ್ಟು ಮಡಚಿದಾಗಲೆಲ್ಲ ಅದು ಬಿರಿದು, ಬಿರುಕಿನಲ್ಲಿ ಸಣ್ಣಗೆ ರಕ್ತ ಜಿನುಗುತ್ತಿತ್ತು. ಪ್ರೀತಿಯಿಂದಲೇ ಮಾಡಿದ ಆರೈಕೆ ಅದು. ಆದರೆ ಅರಿಸಿನದ ಪುಡಿ ಕ್ರಿಮಿರಹಿತವಲ್ಲ. ನೆಲದಲ್ಲಿ ಬೆಳೆದು ಅಂಗಳದಲ್ಲಿ ಒಣಗುವ ಎಲ್ಲ ಸಾಂಬಾರ ಪದಾರ್ಥಗಳಂತೆ ಅದರಲ್ಲೂ ಬ್ಯಾಕ್ಟೀರಿಯಾಗಳ ಬೀಜಕಣಗಳಿರುತ್ತವೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಪ್ರಯೋಗಾಲಯದಲ್ಲಿ ಉರಿಯೂತ ತಗ್ಗಿಸುತ್ತದೆ ಎಂಬುದು ನಿಜ. ಅದರಿಂದ ಡಬ್ಬಿಯ ಪುಡಿ ಔಷಧಿಯಾಗುವುದಿಲ್ಲ. ಕಾಫಿಪುಡಿ, ಸುಣ್ಣ, ಟೂತ್‌ಪೇಸ್ಟ್‌ಗಳ ಬಗ್ಗೆ ಇಷ್ಟನ್ನೂ ಹೇಳುವ ಅಗತ್ಯವಿಲ್ಲ.

ಹಚ್ಚೆಯ ಸೂಜಿ ಹೊರಚರ್ಮವನ್ನು ದಾಟಿ ಒಂದೆರಡು ಮಿಲಿಮೀಟರ್ ಆಳದ ಒಳಚರ್ಮದಲ್ಲಿ ಶಾಯಿ ಬಿಡುತ್ತದೆ. ಶಾಯಿ ಉಳಿಯುವುದು ಕೆಳಗೆ, ಮಾಯಬೇಕಾದದ್ದು ಹೆಚ್ಚಾಗಿ ಮೇಲೆ. ಮೇಲಿನ ಪದರ ಹೇಗೆ ಮುಚ್ಚಿಕೊಳ್ಳುತ್ತದೆ ಎಂಬುದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಗಾಯದ ಅಂಚಿನಲ್ಲೂ ಕೂದಲಿನ ಬುಡದಲ್ಲೂ ಉಳಿದಿರುವ ಹೊರಚರ್ಮದ ಕೋಶಗಳು ತಮ್ಮ ಹಿಡಿತ ಸಡಿಲಿಸಿ, ಚಪ್ಪಟೆಯಾಗಿ, ಅಕ್ಷರಶಃ ತೆವಳಲು ಶುರುಮಾಡುತ್ತವೆ. ಮುಂದಕ್ಕೊಂದು ತೆಳು ಪೊರೆ ಚಾಚಿ, ಅದನ್ನು ನೆಲಕ್ಕೆ ಊರಿ, ಉಳಿದ ಮೈಯನ್ನು ಎಳೆದುಕೊಳ್ಳುತ್ತವೆ. ಹಿಂದಿರುವ ಕೋಶಗಳು ವಿಭಜನೆಯಾಗಿ ಸೈನ್ಯ ಹೆಚ್ಚಿಸುತ್ತವೆ. ಎರಡು ಅಂಚಿನಿಂದ ಬಂದವು ಪರಸ್ಪರ ಮುಟ್ಟಿದೊಡನೆ ನಡಿಗೆ ನಿಲ್ಲುತ್ತದೆ. ಆದರೆ ಈ ಕೋಶಗಳು ತೆವಳುವುದು ತೇವವಿರುವ ಜೀವಂತ ನೆಲದ ಮೇಲೆ ಮಾತ್ರ. ಗಾಯದಿಂದ ಒಸರುವ ತಿಳಿರಸದಲ್ಲಿ ಅವುಗಳಿಗೆ ಬೇಕಾದ ಬೆಳವಣಿಗೆಯ ಪ್ರೋಟೀನ್‌ಗಳಿರುತ್ತವೆ. ಗಾಯ ಒಣಗಿದರೆ ಮೇಲೆ ಹಕ್ಕಳೆ ಕಟ್ಟುವುದಷ್ಟೇ ಅಲ್ಲ, ಅದರ ಕೆಳಗಿನ ಒಳಚರ್ಮದ ಮೇಲ್ಭಾಗವೂ ಒಣಗಿ ಸಾಯುತ್ತದೆ. ಆಗ ಕೋಶಗಳು ಆ ಒಣ ಪದರದ ಅಡಿಗೆ ಇಳಿದು, ಅದನ್ನು ಕರಗಿಸುವ ಕಿಣ್ವ ಸುರಿಸುತ್ತಾ ದಾರಿ ಕೊರೆಯಬೇಕು. ನಮ್ಮ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಕಂಬಗಳ ಮೇಲೆ 2011ರಲ್ಲೇ ಓಡಿತು. ಅಲ್ಲಿಂದ ಮುಂದೆ ಮೆಜೆಸ್ಟಿಕ್ ದಾಟಲು ನೆಲ ಕೊರೆಯಬೇಕಾಗಿ ಬಂದು 2016 ಆಯಿತು. ಹಕ್ಕಳೆಯ ಕೆಳಗಿನ ಕೋಶಗಳದ್ದೂ ಇದೇ ಪಾಡು.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರು ಬ್ರಿಟನ್ನಿನ ವಿಜ್ಞಾನಿ ಜಾರ್ಜ್ ವಿಂಟರ್. ಎಳೆ ಹಂದಿಗಳ ಚರ್ಮದ ಮೇಲೆ ಒಂದೇ ಆಳದ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥಿನ್ ಹಾಳೆಯಿಂದ ಮುಚ್ಚಿದರು. ತೇವವಾಗಿದ್ದ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗದಲ್ಲಿ ಹಬ್ಬಿತ್ತು. ಇದು ಪ್ರಕಟವಾದದ್ದು 1962ರಲ್ಲಿ. ಅರವತ್ತು ವರ್ಷ ಕಳೆದರೂ ಈ ಸುದ್ದಿ ನಮ್ಮ ಮನೆಗಳಿಗೆ ತಲುಪಿಲ್ಲವಲ್ಲ ಎಂಬುದು ನನ್ನ ಸಂಕಟ. ಸ್ಟುಡಿಯೊಗಳು ಈಗ ಅಂಟಿಸುವ 'ಸೆಕೆಂಡ್ ಸ್ಕಿನ್' ಎಂಬ ಪಾರದರ್ಶಕ ಹಾಳೆ ಇದೇ ವಿಚಾರದಿಂದ ಹುಟ್ಟಿದ್ದು. ಅದು ಆವಿಯನ್ನು ಹೊರಗೆ ಬಿಡುತ್ತದೆ, ನೀರನ್ನೂ ಕ್ರಿಮಿಯನ್ನೂ ಒಳಗೆ ಬಿಡುವುದಿಲ್ಲ. ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಹಾಗಲ್ಲ. ದಿನಗಟ್ಟಲೆ ಸುತ್ತಿಟ್ಟರೆ ಒಳಗೆ ಬೆವರು ಕೂಡಿ ಚರ್ಮ ಬೆಳ್ಳಗೆ ನೆನೆಯುತ್ತದೆ.

ಆರೈಕೆ ದೊಡ್ಡ ವಿದ್ಯೆಯೇನಲ್ಲ. ಕೈ ತೊಳೆದುಕೊಂಡು, ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ವಾಸನೆಯಿಲ್ಲದ ಸೌಮ್ಯ ಸೋಪಿನಿಂದ ತೊಳೆಯಿರಿ. ಉಜ್ಜದೆ, ಶುದ್ಧ ಬಟ್ಟೆಯಿಂದ ಒತ್ತಿ ಮೇಲಿನ ನೀರು ತೆಗೆಯಿರಿ. ಪೆಟ್ರೋಲಿಯಂ ಜೆಲ್ಲಿಯಂಥದ್ದನ್ನು ಮಿನುಗುವಷ್ಟು ತೆಳ್ಳಗೆ ಸವರಿ. ಬಳಿಯುವಷ್ಟು ಹಚ್ಚಿದರೆ ಮತ್ತೆ ಚರ್ಮ ನೆನೆಯುತ್ತದೆ. ತೇವ ಇರಬೇಕು ಅಂದರೆ ಬಕೆಟ್ಟಿನಲ್ಲಿ ಅದ್ದಿಡಬೇಕೆಂದಲ್ಲ. ಎರಡು ಮೂರು ವಾರ ಈಜುಕೊಳ, ಕೆರೆ, ಬಾತ್‌ಟಬ್ ಬೇಡ. ನಾಲ್ಕೈದನೇ ದಿನದಿಂದ ತೆಳು ಸಿಪ್ಪೆ ಏಳುತ್ತದೆ, ತುರಿಕೆ ಬರುತ್ತದೆ. ಕಿತ್ತರೆ ಸಿಪ್ಪೆಯ ಜೊತೆಗೆ ಶಾಯಿಯೂ ಬಂದು ಚಿತ್ರದಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ.

ಹಾಗಾದರೆ ಕೆಳಗಿರುವ ಶಾಯಿ ಏಕೆ ಹೋಗುವುದಿಲ್ಲ? ಇದಕ್ಕೆ ಉತ್ತರದ ಮೊದಲ ತುದಿ 1882ರಲ್ಲಿ, ಸಿಸಿಲಿಯ ಮೆಸ್ಸಿನಾ ಊರಿನಲ್ಲಿದೆ. ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದಾಗ ರಷ್ಯಾದ ಪ್ರಾಣಿವಿಜ್ಞಾನಿ ಇಲ್ಯಾ ಮೆಕ್ನಿಕಾಫ್ ಒಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ನಕ್ಷತ್ರಮೀನಿನ ಪಾರದರ್ಶಕ ಮರಿಯ ಮೈಯೊಳಗೆ ಗುಲಾಬಿ ಮುಳ್ಳು ಚುಚ್ಚಿ ನೋಡುವ ಯೋಚನೆ ಬಂತು. ಬೆಳಗಾಗುವಷ್ಟರಲ್ಲಿ ಅಲೆಮಾರಿ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಹೊರಗಿನದನ್ನು ನುಂಗುವ ಈ ಭಕ್ಷಕ ಕೋಶಗಳ ಕಲ್ಪನೆಗೆ 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂತು. ನಮ್ಮ ಒಳಚರ್ಮದ ಭಕ್ಷಕ ಕೋಶಗಳಾದ ಮ್ಯಾಕ್ರೊಫೇಜ್‌ಗಳು ಶಾಯಿಯ ಕಣಗಳನ್ನೂ ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಒಂದು ಕೋಶ ಸತ್ತರೆ ಶಾಯಿ ಹೊರಬೀಳುತ್ತದೆ, ಅಲ್ಲಿಗೆ ಬಂದ ಹೊಸ ಕೋಶ ಅದನ್ನೇ ನುಂಗುತ್ತದೆ. 2018ರಲ್ಲಿ ಫ್ರಾನ್ಸಿನ ಮಾರ್ಸೆಯ ವಿಜ್ಞಾನಿಗಳು ಹಚ್ಚೆ ಹಾಕಿದ ಇಲಿಗಳ ಬಾಲದಲ್ಲಿ ಈ ಕೋಶಗಳನ್ನೆಲ್ಲ ಕೊಂದು ನೋಡಿದರು. ಹಚ್ಚೆ ಹಾಗೆಯೇ ಇತ್ತು! ಚಿತ್ರ ಉಳಿಯುವುದು ಒಂದೇ ಕೋಶ ಚಿರಾಯುವಾಗಿರುವುದರಿಂದಲ್ಲ, ಕೈಯಿಂದ ಕೈಗೆ ದಾಟುತ್ತಿರುವುದರಿಂದ. ಸ್ವಲ್ಪ ಶಾಯಿ, ಕ್ರಿಮಿಗಳನ್ನು ಸೋಸಿ ತಡೆಯುವ ದುಗ್ಧಗ್ರಂಥಿಗಳಿಗೂ (ಲಿಂಫ್ ನೋಡ್) ಹೋಗಿ ಸೇರಿ ಅವುಗಳಿಗೆ ಬಣ್ಣ ಹಿಡಿಸುತ್ತದೆ. ಕೊರವಂಜಿಯರು ಹಾಕುತ್ತಿದ್ದ ಮಸಿಯ ಹಚ್ಚೆ ನಮ್ಮ ಅಜ್ಜಿಯರ ಕೈಮೇಲೆ ಹಸಿರು ನೀಲಿಯಾಗಿ ಕಾಣುವುದಕ್ಕೂ ಆಳವೇ ಕಾರಣ: ಮೇಲಿನ ಚರ್ಮ ನೀಲಿ ಬೆಳಕನ್ನು ಚೆದುರಿಸಿ ಕಣ್ಣಿಗೆ ಮರಳಿಸುತ್ತದೆ, ಉಳಿದದ್ದನ್ನು ಕೆಳಗಿನ ಕಪ್ಪು ಹೀರುತ್ತದೆ.

ಇನ್ನು ನಂಜಿನ ವಿಷಯ. ಬದನೆಕಾಯಿ, ಕಡಲೆಕಾಯಿ, ಮೊಟ್ಟೆ, ಮೀನು ತಿಂದರೆ ಗಾಯ ಕೀವಾಗುತ್ತದೆ ಎಂದು ಹೊಸ ಹಚ್ಚೆಯವರಿಗೆ ಪಥ್ಯ ಹೇಳುವವರಿದ್ದಾರೆ. ಯಾವುದಾದರೂ ಪದಾರ್ಥಕ್ಕೆ ನಿಮಗೆ ಅಲರ್ಜಿಯಿದ್ದರೆ ಬಿಡಿ, ಅದು ಬೇರೆ ಮಾತು. ಉಳಿದವರಿಗೆ ಗಾಯ ಕಟ್ಟುವ ಕೊಲಾಜೆನ್ ಎಂಬ ನಾರಿಗೆ ಪ್ರೋಟೀನೇ ಸಾಮಗ್ರಿ, ಅದನ್ನು ಹೆಣೆಯಲು ಸಿ ವಿಟಮಿನ್ ಬೇಕು. ಕಡಲೆಕಾಯಿ, ಮೊಟ್ಟೆ, ಮೀನು ಬಿಡಿಸುವುದೆಂದರೆ ಬೇಕಾದದ್ದನ್ನೇ ಕಿತ್ತುಕೊಂಡಂತೆ. ಕೀವಾಗುವುದು ತಟ್ಟೆಯಿಂದಲ್ಲ, ಕ್ರಿಮಿಯಿಂದ.

ಆ ಕ್ರಿಮಿ ಎಲ್ಲಿಂದ ಬಂದೀತು ಎಂಬುದಕ್ಕೆ ಅಮೆರಿಕದ ರಾಚೆಸ್ಟರ್ ಊರಿನ ಒಂದು ಪ್ರಕರಣವಿದೆ. 2011ರ ಕೊನೆಯಲ್ಲಿ ಅಲ್ಲಿ ಹಚ್ಚೆ ಹಾಕಿಸಿಕೊಂಡ 19 ಜನರಿಗೆ ವಾರಗಳ ಮೇಲೆ ಕೆಂಪು ಗುಳ್ಳೆಗಳೆದ್ದವು. ಕ್ಷಯದ ಕ್ರಿಮಿಯ ಸಂಬಂಧಿಯಾದ ಮೈಕೋಬ್ಯಾಕ್ಟೀರಿಯಂ ಕಿಲೋನೆ ಸಿಕ್ಕಿದ್ದು ಮೊದಲೇ ತೆಳುಮಾಡಿ ಬಾಟಲಿಗೆ ತುಂಬಿದ್ದ ಬೂದು ಶಾಯಿಯಲ್ಲಿ. ಆದ್ದರಿಂದ ಹೊಸ ಸೂಜಿ ಬಿಚ್ಚಿದರೆ ಸಾಲದು. ಶಾಯಿಯನ್ನು ಯಾವ ನೀರಿನಲ್ಲಿ ತೆಳುಮಾಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ನಲ್ಲಿ ನೀರು, ಕ್ಯಾನ್ ನೀರು ಎಂದರೆ ಎದ್ದು ಬನ್ನಿ. ಉತ್ತರ ಕರ್ನಾಟಕದ ಜಾತ್ರೆಯಾಗಲಿ, ಎ.ಸಿ. ಇರುವ ಸ್ಟುಡಿಯೊ ಆಗಲಿ, ಈ ಪ್ರಶ್ನೆ ಒಂದೇ.

ಮೊದಲೆರಡು ದಿನ ಕೆಂಪಗಾಗುವುದು, ಊದುವುದು, ತಿಳಿರಸ ಒಸರುವುದು ಸಹಜ. ಕೆಂಪು ದಿನೇ ದಿನೇ ಅಗಲವಾದರೆ, ನೋವು ಇಳಿಯುವ ಬದಲು ಏರಿದರೆ, ಕೀವು ಅಥವಾ ಜ್ವರ ಬಂದರೆ ಚರ್ಮವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆಯವರೂ, ಹಳೆಯ ಗಾಯಗಳು ದಪ್ಪನೆಯ ಗಂಟಾಗಿ ಬೆಳೆದವರೂ ಹಾಕಿಸಿಕೊಳ್ಳುವ ಮುಂಚೆಯೇ ಕೇಳುವುದು ಒಳ್ಳೆಯದು. ತುರಿಕೆಗೆಂದು ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಮಾತ್ರ ಬೇಡ. ಸ್ಟೀರಾಯ್ಡ್ ಆ ತೆವಳುವ ಕೋಶಗಳನ್ನೇ ತಡೆಯುತ್ತದೆ, ಕ್ರಿಮಿಯಿದ್ದರೆ ಅದಕ್ಕೆ ದಾರಿ ಮಾಡಿಕೊಡುತ್ತದೆ, ಮೇಲಿನ ಕೆಂಪನ್ನು ಅಳಿಸಿ ವೈದ್ಯರ ಕಣ್ಣಿಗೂ ರೋಗ ಕಾಣದಂತೆ ಮಾಡುತ್ತದೆ.