‘ಈಗ ನಾನು ಮುತ್ತೈದೆಯೋ, ಅಲ್ಲವೋ?’

ಗಂಡ ಎಂದುಕೊಂಡಿದ್ದ ವ್ಯಕ್ತಿ ‘ನಾನು ಹೆಣ್ಣು’ ಎಂದು ಹೇಳಿಕೊಂಡ ಮೇಲೆ ಅನೇಕ ಹೆಂಡತಿಯರನ್ನು ಕಾಡುವ ಪ್ರಶ್ನೆ ಇದು. ತಾಳಿ, ಕಾಲುಂಗುರ, ಅರಿಶಿನ ಕುಂಕುಮದ ಕರೆ ಎಲ್ಲವೂ ಗಂಡನ ಇರವಿಗೆ ಕಟ್ಟುಬಿದ್ದಿರುವ ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಉತ್ತರಕ್ಕೆ ಅವಸರ ಬೇಡ. ತಾಳಿ ಇಟ್ಟುಕೊಳ್ಳುವುದೂ ತೆಗೆಯುವುದೂ ನಿಮ್ಮ ನಿರ್ಧಾರ, ಸಂಗಾತಿಯದೂ ಅಲ್ಲ, ಅತ್ತೆಯದೂ ಅಲ್ಲ.

ಗಂಡನನ್ನು ಕಳೆದುಕೊಂಡಂಥ ದುಃಖವಿದು. ಸಾವಿನ ಮನೆಗೆ ನೆಂಟರು ಬಂದು ಜೊತೆಗೆ ಕೂರುತ್ತಾರೆ. ಇಲ್ಲಿ ಯಾರೂ ಬರುವುದಿಲ್ಲ, ಯಾರಿಗೂ ಗೊತ್ತಿಲ್ಲವಲ್ಲ. ಸಂಗಾತಿಯ ಒಪ್ಪಿಗೆಯಿಲ್ಲದೆ ಗುಟ್ಟು ಬಯಲಾದರೆ ಆಕೆಯ ಕೆಲಸ, ಬಾಡಿಗೆ ಮನೆ, ಕೆಲವೊಮ್ಮೆ ಜೀವಕ್ಕೇ ಕುತ್ತು. ಹಾಗೆಂದು ‘ಯಾರಿಗೂ ಹೇಳಬೇಡ’ ಎಂಬ ಮಾತಿಗೆ ವರ್ಷಗಟ್ಟಲೆ ತಲೆಬಾಗಿದರೆ ನೀವು ಒಳಗೇ ಸವೆಯುತ್ತೀರಿ. ಇಬ್ಬರೂ ಕೂತು ಒಂದೆರಡು ಹೆಸರು ಗೊತ್ತು ಮಾಡಿ: ಅಕ್ಕ ಇರಬಹುದು, ಹಳೆಯ ಗೆಳತಿ ಇರಬಹುದು. ಆಪ್ತಸಮಾಲೋಚಕರು ಇಬ್ಬರಿಗೂ ಬೇರೆ ಬೇರೆ ಇರಲಿ. ಆಕೆಯ ಸಮಾಲೋಚಕರೆದುರು ನಿಮ್ಮ ಸಿಟ್ಟು ಬಾಯಿಬಿಡುವುದು ಕಷ್ಟ.

ಮೈಯನ್ನು ಹೆಣ್ಣಿನಂತಾಗಿಸಲು ಆಕೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಮತ್ತು ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನನ್ನು ತಗ್ಗಿಸುವ ಮಾತ್ರೆ ಶುರುಮಾಡಿದರೆ ಸಾಮಾನ್ಯವಾಗಿ 1ರಿಂದ 3 ತಿಂಗಳಲ್ಲಿ ಕಾಮಾಸಕ್ತಿ ಇಳಿಯುತ್ತದೆ, 3ರಿಂದ 6 ತಿಂಗಳಲ್ಲಿ ಸ್ತನ ಬೆಳೆಯತೊಡಗುತ್ತದೆ. ಆಸಕ್ತಿ ಇಳಿದದ್ದನ್ನು ‘ನಾನು ಬೇಡವಾದೆ’ ಎಂದು ಓದಿಕೊಳ್ಳಬೇಡಿ, ಅದು ಔಷಧಿಯ ಕೆಲಸ. ಮಕ್ಕಳಿಗೆ ಹೇಳುವುದಿದ್ದರೆ ಮೈ ಬದಲಾಗುವ ಮೊದಲೇ ಹೇಳಿ. ತಾವೇ ಕಂಡುಹಿಡಿದ ಮಕ್ಕಳು ಇಬ್ಬರ ಮೇಲೂ ನಂಬಿಕೆ ಕಳೆದುಕೊಳ್ಳುತ್ತಾರೆ. ಇನ್ನೊಂದು ಮಗು ಬೇಕೆನಿಸಿದರೆ ಚಿಕಿತ್ಸೆಗೆ ಮುಂಚೆಯೇ ವೀರ್ಯ ಶೇಖರಿಸಿಡಬೇಕು, ಆಮೇಲೆ ಫಲವತ್ತತೆ ಮರಳುವ ಖಾತ್ರಿಯಿಲ್ಲ. ಬೇಡವೆಂದಾದರೆ ಗರ್ಭನಿರೋಧಕ ಬಿಡಬೇಡಿ, ಹಾರ್ಮೋನು ಅದರ ಬದಲಿಯಲ್ಲ. ವೈದ್ಯರನ್ನು ಕಾಣದೆ, ಹೆಣ್ಣು ಹಾರ್ಮೋನಿಗಾಗಿ ಮೆಡಿಕಲ್ ಶಾಪಿನ ಗರ್ಭನಿರೋಧಕ ಗುಳಿಗೆಗಳನ್ನೇ ಹೆಚ್ಚು ಹೆಚ್ಚು ನುಂಗುವ ಸಂಗಾತಿಗಳಿದ್ದಾರೆ. ಇದರಿಂದ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನು ತಜ್ಞರ ಬಳಿ ಹೋಗಲು, ಮೊದಲ ವರ್ಷ ಸುಮಾರು 3 ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಲು ಆಕೆಗೆ ಹೇಳಿ.

ಹೆಚ್ಚಿನವರು ಎಡವುವುದು ಗೌರವವನ್ನೂ ದಾಂಪತ್ಯವನ್ನೂ ಒಂದೇ ಗಂಟು ಕಟ್ಟಿದಾಗ. ಆಕೆಯನ್ನು ಆಕೆಯ ಹೆಸರಿನಿಂದ ಕರೆಯುವುದು, ‘ಅವಳು’ ಎನ್ನುವುದು ಗೌರವ; ಅದಕ್ಕೆ ಷರತ್ತು ಹಾಕಬಾರದು. ಹಾಸಿಗೆ ಹಂಚಿಕೊಳ್ಳುವುದು ಬೇರೆಯೇ ವಿಷಯ. ಹೆಣ್ಣಿನ ಮೇಲೆ ನಿಮಗೆ ಆಕರ್ಷಣೆ ಇಲ್ಲದಿದ್ದರೆ ಅದು ತಿರಸ್ಕಾರವಲ್ಲ, ನಿಮ್ಮ ಸ್ವಭಾವ. ಅದನ್ನು ಮೃದುವಾಗಿ, ಆದರೆ ಬೇಗ ಹೇಳಿ. ಆಕೆಗೆ ನೋವಾದೀತೆಂದು ಒಪ್ಪಿಕೊಂಡ ಸ್ಪರ್ಶ ಕೆಲವೇ ತಿಂಗಳಲ್ಲಿ ಅಸಹನೆಯಾಗಿ ಹೊರಬರುತ್ತದೆ.

ಕಾಗದಪತ್ರ ಮರೆಯಬೇಡಿ. ಆಕೆಯ ಹೆಸರು ಬದಲಾದರೆ ನಿಮ್ಮ ಪಾಸ್‌ಪೋರ್ಟು, ವಿಮೆಯ ನಾಮಿನಿ, ಜಂಟಿ ಖಾತೆ, ಮಕ್ಕಳ ಶಾಲಾ ದಾಖಲೆಗಳನ್ನೂ ನೋಡಬೇಕಾಗುತ್ತದೆ. ನಿಮ್ಮ ಹೆಸರಿನಲ್ಲೇ ಪ್ರತ್ಯೇಕ ಖಾತೆಯೊಂದಿರಲಿ.

ಆಕೆ ಸರ್ಕಾರದಿಂದ ಪಡೆಯುವ ಲಿಂಗ ಗುರುತಿನ ಪ್ರಮಾಣಪತ್ರ ವಿಚ್ಛೇದನ ಪತ್ರವಲ್ಲ. ಬೇರೆಯಾಗಲು ಇಬ್ಬರೂ ಒಪ್ಪಿದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಅರ್ಜಿ ಹಾಕುವ ಮೊದಲು ಒಂದು ವರ್ಷ ಪ್ರತ್ಯೇಕವಾಗಿ ಬದುಕಿರಬೇಕು. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡಿರಾಗಿ ಬಾಳದಿದ್ದರೆ ಅದೂ ಪ್ರತ್ಯೇಕ ವಾಸವೇ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಹಾಗಾಗಿ ಬೇರೆ ಮನೆ ಹುಡುಕುವ ಮೊದಲು ವಕೀಲರನ್ನು ಕಾಣಿ.