ಓಝೋನ್ ಏರಿದರೆ ಮರಕ್ಕೆ ನೀರು ಕಡಿಮೆ ಸಾಕಾ?

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಬೇಸಿಗೆ ಬಂತೆಂದರೆ ಮೊಬೈಲ್‌ನಲ್ಲಿ ಓಝೋನ್ ಜಾಸ್ತಿ ಅಂತ ತೋರಿಸುತ್ತದೆ. ಓಝೋನ್ ತಾಗಿದರೆ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ, ಮರದ ನೀರು ಉಳಿಯುತ್ತದೆ ಎಂದು ಸೊಸೈಟಿ ಮೀಟಿಂಗ್‌ನಲ್ಲಿ ಒಬ್ಬರು ಹೇಳಿದರು. ಅದಕ್ಕೇ ಗಿಡಗಳಿಗೆ ತರಿಸುವ ಟ್ಯಾಂಕರ್ ಕಡಿಮೆ ಮಾಡೋಣ ಅಂತಿದ್ದಾರೆ. ಇದು ಸರಿನಾ ಸರ್?

ಉತ್ತರ: ಅರ್ಧ ಸರಿ. ಆ ಅರ್ಧವನ್ನೇ ನಂಬಿ ಟ್ಯಾಂಕರ್ ನಿಲ್ಲಿಸಿದರೆ ಮೊದಲು ಒಣಗುವುದು ನೀವು ಹೊಸದಾಗಿ ನೆಟ್ಟ ಸಸಿಗಳು.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಆಕಾಶದಲ್ಲಿ ಬಹಳ ಎತ್ತರದಲ್ಲಿದ್ದು ನಮ್ಮನ್ನು ಕಾಯುವ ಓಝೋನ್ ಪದರದ ಮಾತು ಇದಲ್ಲ. ಇದು ನೆಲಮಟ್ಟದ್ದು. ಯಾವ ಸೈಲೆನ್ಸರ್‌ನಿಂದಲೂ ನೇರವಾಗಿ ಬರುವುದಿಲ್ಲ. ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳು, ಪೆಟ್ರೋಲು ಪೇಂಟುಗಳಿಂದ ಏಳುವ ಆವಿ, ಇವೆರಡರ ಮೇಲೆ ಬಿಸಿಲು ಬಿದ್ದಾಗ ಹುಟ್ಟುತ್ತದೆ. ಹಾಗಾಗಿ ಮಧ್ಯಾಹ್ನ ಜಾಸ್ತಿ. ಮಳೆಗಾಲದಲ್ಲಿ ಮೋಡ ಕವಿದು ಅರಬ್ಬೀ ಸಮುದ್ರದ ಗಾಳಿ ಬೀಸತೊಡಗಿದರೆ ಪುಣೆಯಲ್ಲಿ ಇದು ಇಳಿದುಬಿಡುತ್ತದೆ. ಇನ್ನೊಂದು ವಿಚಿತ್ರ ನೋಡಿ. ವಾಹನ ಕಿಕ್ಕಿರಿದ ಚೌಕದಲ್ಲಿ ಓಝೋನ್ ಕಡಿಮೆ ಇದ್ದು, ಊರಾಚೆಯ ಗುಡ್ಡದ ಮೇಲೆ ಜಾಸ್ತಿ ಇರಬಹುದು. ಚೌಕದ ತಾಜಾ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಓಝೋನನ್ನೇ ತಿಂದುಹಾಕುತ್ತದೆ!

ಈಗ ಎಲೆಗೆ ಬರೋಣ. ಎಲೆಯ ಮೈಮೇಲೆ, ಹೆಚ್ಚಾಗಿ ಕೆಳಮುಖದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಶಾಲೆಯಲ್ಲಿ ಪತ್ರರಂಧ್ರ ಅಂತ ಓದಿರುತ್ತೀರಿ. ಒಂದೊಂದರ ಎರಡೂ ಪಕ್ಕ ಕಾವಲು ಕೋಶಗಳಿವೆ. ಅವು ನೀರು ತುಂಬಿಕೊಂಡು ಉಬ್ಬಿದರೆ ರಂಧ್ರ ತೆರೆಯುತ್ತದೆ, ಸೊರಗಿದರೆ ಮುಚ್ಚುತ್ತದೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ನೀರಾವಿ ಹೊರಗೆ ಹೋಗುವುದೂ ಇಲ್ಲಿಂದಲೇ. ಓಝೋನ್ ನುಗ್ಗುವುದೂ ಇಲ್ಲಿಂದಲೇ.

ಒಳಗೆ ಹೋದ ಓಝೋನ್ ಕೋಶಗಳ ಸುತ್ತಲಿನ ತೇವದಲ್ಲಿ ಕರಗಿ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಸುಡುವ ವಸ್ತುಗಳನ್ನು ಹುಟ್ಟಿಸುತ್ತದೆ. ಎಲೆ ಸುಮ್ನೆ ಕೂರುವುದಿಲ್ಲ. ತನ್ನಲ್ಲಿರುವ ವಿಟಮಿನ್ ಸಿ ಖರ್ಚು ಮಾಡಿ ಅವನ್ನು ತಣಿಸುತ್ತದೆ. ಓಝೋನ್ ಮಿತಿಮೀರಿದರೆ ಅದು ಸಾಲುವುದಿಲ್ಲ. ಇಂಗಾಲವನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ರುಬಿಸ್ಕೋ ಎಂಬ ಕಿಣ್ವ ಕಡಿಮೆಯಾಗುತ್ತದೆ, ಹಸಿರೂ ಇಳಿಯುತ್ತದೆ. ಅಡುಗೆ ಕುಂಟಿತು. ಅದೇ ಹೊತ್ತಿಗೆ ರಿಪೇರಿ ಕೆಲಸಕ್ಕೆ ಶಕ್ತಿ ಬೇಕು, ಅದಕ್ಕಾಗಿ ಉಸಿರಾಟ ಹೆಚ್ಚುತ್ತದೆ, ಕೂಡಿಟ್ಟ ಸಕ್ಕರೆ ಕರಗುತ್ತದೆ. ಸಂಬಳ ಕಡಿತವಾದ ತಿಂಗಳೇ ಆಸ್ಪತ್ರೆ ಬಿಲ್ಲು ಬಂದ ಮನೆಯಂತೆ ಅದರ ಸ್ಥಿತಿ. ಮರ ಮೊದಲು ಕೈ ಬಿಗಿ ಮಾಡುವುದು ಬೇರಿನ ಪಾಲಿಗೆ. ಮೇಲಿನಿಂದ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ನಿಮ್ಮ ಸೊಸೈಟಿಯವರು ಹೇಳಿದ ಅರ್ಧ ಸತ್ಯ ಇಲ್ಲಿದೆ. ಮರಗಳ ಮೇಲೆ ನಡೆದ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2007ರ ಒಂದು ವಿಶ್ಲೇಷಣೆ ಇದೆ. ಓಝೋನ್ ಸೋಸಿ ತೆಗೆದ ಗಾಳಿಗೆ ಹೋಲಿಸಿದರೆ, ಸುಮಾರು 40 ಪಿಪಿಬಿ ಓಝೋನ್ ಇರುವ ಗಾಳಿಯಲ್ಲಿ ದ್ಯುತಿಸಂಶ್ಲೇಷಣೆ ಶೇ 11ರಷ್ಟು ಕಡಿಮೆ. ರಂಧ್ರಗಳು ತೆರೆದುಕೊಳ್ಳುವುದು ಶೇ 13ರಷ್ಟು ಕಡಿಮೆ. ಪಿಪಿಬಿ ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು. ನಮ್ಮ ದೇಶದ 8 ಗಂಟೆಯ ಮಿತಿಯೇ ಘನ ಮೀಟರಿಗೆ 100 ಮೈಕ್ರೋಗ್ರಾಂ, ಅಂದಾಜು 50 ಪಿಪಿಬಿ. ಈ ಪ್ರಯೋಗಗಳೆಲ್ಲ ಹೆಚ್ಚಾಗಿ ತಂಪು ದೇಶದ ಮರಗಳ ಮೇಲಿನವು. ಶೇ 11ನ್ನು ಹಾಗೇ ತಂದು ನಿಮ್ಮ ಗುಲ್‌ಮೊಹರ್‌ಗೆ ಅಂಟಿಸಬೇಡಿ.

ಉಳಿದರ್ಧವೂ ಅದೇ ವರ್ಷದ್ದು. ಅಮೆರಿಕದ ಪೂರ್ವ ಟೆನ್ನೆಸಿಯ ಕಾಡಿನಲ್ಲಿ ಬೆಳೆದು ನಿಂತ ಮರಗಳನ್ನು ಅಳೆದು ನೋಡಿದರು. ಓಝೋನ್ ಏರಿದಾಗ ಮರದ ಬೆಳವಣಿಗೆ ಕುಗ್ಗಿತು, ಆದರೆ ನೀರಿನ ಬಳಕೆ ಹೆಚ್ಚಿತು. ಅಲ್ಲಿನ ಹಳ್ಳಗಳ ಹರಿವೂ ಕಡಿಮೆಯಾಯಿತು.

ಎರಡೂ ಹೇಗೆ ನಿಜ? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಆಸಕ್ತಿ ಹುಟ್ಟಿಸುವುದು ಇದೇ. ಮಣ್ಣು ಒಣಗಿದಾಗ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಕಾವಲು ಕೋಶಕ್ಕೆ ‘ಮುಚ್ಚು’ ಎಂದು ಸುದ್ದಿ ಮುಟ್ಟಿಸುತ್ತದೆ. ಓಝೋನ್ ಪೆಟ್ಟು ತಿಂದ ಎಲೆಯಲ್ಲಿ ಎಥಿಲೀನ್ ಹೆಚ್ಚುತ್ತದೆ. ಹೌದು, ಮಾವು ಹಣ್ಣಾಗಿಸುವ ಅದೇ ಎಥಿಲೀನ್. ಅದು ಆ ಸುದ್ದಿಗೆ ಅಡ್ಡಗಾಲು ಹಾಕುತ್ತದೆ. ಒಂದೆರಡು ದಿನದ ಓಝೋನ್‌ಗೆ ರಂಧ್ರ ಮುಚ್ಚಬಹುದು. ವಾರಗಟ್ಟಲೆ ತಿಂದ ಮೇಲೆ ಅದು ಜಡವಾಗುತ್ತದೆ: ಬಿಸಿಲು ಬಂದರೂ ಪೂರ್ತಿ ತೆರೆಯದು, ಮಣ್ಣು ಒಣಗಿದರೂ ಬೇಗ ಮುಚ್ಚದು, ಕೆಲವು ಗಿಡಗಳಲ್ಲಿ ರಾತ್ರಿಯೂ ಸೋರುತ್ತದೆ. ರಂಧ್ರ ಸಣ್ಣದಾದರೂ ಹತೋಟಿ ತಪ್ಪಿದ ಮೇಲೆ ನೀರು ಉಳಿಯುತ್ತದೆಂದು ಲೆಕ್ಕ ಹಾಕುವುದು ಹೇಗೆ?

ಹಾಗಂತ ಟ್ಯಾಂಕರ್ ಹೆಚ್ಚಿಸಿ ಅಂತಲೂ ಹೇಳುತ್ತಿಲ್ಲ. ಯಾವಾಗಲೂ ನೆನೆದಿರುವ ಗಿಡ ರಂಧ್ರ ಅಗಲವಾಗಿ ತೆರೆದಿಡುತ್ತದೆ, ಓಝೋನನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ. ಬೇರು ಆಳಕ್ಕೆ ಇಳಿದ ದೊಡ್ಡ ಮರಗಳನ್ನು ಬಿಡಿ. ಈಚೆಗೆ ನೆಟ್ಟ ಸಸಿಗಳಿಗೆ ಮಾತ್ರ ದಿನಾ ಚಿಮುಕಿಸುವ ಬದಲು ಕೆಲವು ದಿನಕ್ಕೊಮ್ಮೆ ಬುಡ ತುಂಬ ಹಾಕಿ, ಮೇಲೆ ಒಣಎಲೆ ಹೊದಿಸಿ. ಬೇಸಿಗೆಯಲ್ಲಿ ಎಲೆ ಪೂರ್ತಿ ಉದುರಿಸಿ ನಿಂತ ತೇಗದಂಥ ಮರಕ್ಕೆ ಆ ದಿನಗಳಲ್ಲಿ ಓಝೋನ್ ಚಿಂತೆಯೇ ಇಲ್ಲ. ಎಲೆಯೇ ಇಲ್ಲವಲ್ಲ!

ನಿಮ್ಮ ಗಿಡಕ್ಕೆ ಓಝೋನ್ ತಾಗಿದೆಯೋ ಎಂದು ನೋಡಬೇಕಾದರೆ ಮೊದಲು ಹಳೆಯ ಎಲೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಪುಣೆಯಲ್ಲಿ ಅರ್ಧ ರೋಗ ಬರೀ ಧೂಳು. ಒರೆಸಿದ ಮೇಲೂ ಮೇಲ್ಮೈಯಲ್ಲಿ ನರಗಳ ನಡುವೆ ಸೂಜಿಮೊನೆಯಷ್ಟು ಕಂದು ಚುಕ್ಕೆಗಳಿದ್ದು, ನರ ಮಾತ್ರ ಹಸಿರಾಗಿದ್ದರೆ ಅನುಮಾನ ಪಡಿ. ಮೇಲೆ ಇನ್ನೊಂದು ಎಲೆ ಮುಚ್ಚಿಕೊಂಡಿದ್ದ ಜಾಗದಲ್ಲಿ ಚುಕ್ಕೆ ಇಲ್ಲದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಎಲೆ ತಿರುಗಿಸಿದಾಗ ಜೇಡರ ಬಲೆಯಂಥ ಸಣ್ಣ ನೂಲು ಕಂಡರೆ ಅದು ನುಸಿ, ಅದಕ್ಕೆ ಮದ್ದು ಬೇರೆ.